ಅಂಜಿಕಿ ಸರ

ಬನಹಟ್ಟಿಯಲ್ಲಿ ನಮ್ಮ ಲ್ಯಾಬಿನ ಸುತ್ತಮುತ್ತಲಿನ ನೇಕಾರರು ಅವರನ್ನು ‘ಅಂಜಿಕಿ ಸರ’ ಎಂದು ಕರೆಯುತ್ತಿದ್ದರು. ನಿಜವಾದ ಹೆಸರನ್ನು ನಾನು ಬರೆಯುವುದಿಲ್ಲ. “ಬೇಕಾರ ಬರೀರಿ, ಆದ್ರ ಹೆಸರು ಬ್ಯಾಡ್ರಿ. ಅವರು ಹೋದ್ರೂ ನನಗಿನ್ನೂ ಅಂಜಿಕಿ ಹೋಗಿಲ್ಲ” ಎಂದು ಅವರ ಹೆಂಡತಿ ಕೇಳಿಕೊಂಡಿದ್ದಾರೆ. ಆ ಅಂಜಿಕೆ ಅವರ ಮನೆಯ ಬಾಗಿಲಿಗೆ ಹೇಗೆ ಬಂತು ಎಂಬುದನ್ನು ಹೇಳದೆ ಆ ಮನುಷ್ಯನನ್ನು ಕುರಿತು ಏನು ಹೇಳಿದರೂ ಅರೆಬರೆಯಾಗುತ್ತದೆ.

ಆಗ ನಾನು ಜಮಖಂಡಿಯಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದೆ. ಆಲಮಟ್ಟಿಯ ಹಿನ್ನೀರು ಊರುಗಳನ್ನು ನುಂಗಿ, ಜನ ಹೊಸ ಊರುಗಳಲ್ಲಿ ಬೇರು ಬಿಟ್ಟು, ಆ ಗಾಯ ಮೇಲೆ ಮೇಲೆ ಒಣಗಿದ್ದ ಕಾಲ. ವಿಶ್ವವಿದ್ಯಾಲಯವೊಂದು ಬನಹಟ್ಟಿಯ ಹಳೆಯ ಸೀರೆ ಗೋದಾಮಿನಲ್ಲಿ ಚಿಕ್ಕದೊಂದು ಲ್ಯಾಬು ತೆರೆಯಿತು. ಅದರ ಮುಖ್ಯಸ್ಥರು ಇವರು. ಜನರ ಭಯವನ್ನು ಕಂಪ್ಯೂಟರಿನ ಸಹಾಯದಿಂದ ಕಡಿಮೆ ಮಾಡುವುದು ಅಲ್ಲಿನ ಕೆಲಸ. ಕಣ್ಣಿಗೆ ದಪ್ಪನೆಯ ಹೆಡ್‌ಸೆಟ್ ಕಟ್ಟಿಕೊಂಡರೆ ಗೋದಾಮು ಮಾಯವಾಗಿ ಇನ್ನೊಂದು ಲೋಕ ಸುತ್ತಲೂ ಎದ್ದು ನಿಲ್ಲುತ್ತಿತ್ತು. ಎತ್ತರಕ್ಕೆ ಹೆದರುವವರಿಗೆ ನೀರಿನ ಟಾಕಿಯ ಮೇಲ್ತುದಿ, ಕತ್ತಲೆಗೆ ಹೆದರುವವರಿಗೆ ಬಾಗಿಲು ಮುಚ್ಚಿದ ಕೋಣೆ. ಬೆರಳಿಗೆ ಹಾಕಿದ ಕ್ಲಿಪ್ಪು ನಾಡಿಯನ್ನು ಗಮನಿಸುತ್ತಿತ್ತು. ಯಾವುದಕ್ಕೆ ಎಷ್ಟು ಹೆದರುತ್ತಾರೆ ಎಂಬುದನ್ನು ಕಂಪ್ಯೂಟರು ತಾನೇ ಕಲಿತುಕೊಂಡು, ನಾಡಿ ಜೋರಾದರೆ ದೃಶ್ಯವನ್ನು ತಗ್ಗಿಸಿ, ಶಾಂತವಾದರೆ ಸ್ವಲ್ಪ ಏರಿಸಿ, ಕಹಿ ಔಷಧದ ಹಾಗೆ ಭಯವನ್ನು ಗುಟುಕು ಗುಟುಕಾಗಿ ಕುಡಿಸುತ್ತಿತ್ತು. ಬಂದವರ ಜೊತೆ ಕುಳಿತು ಮಾತಾಡುವುದು ನನ್ನ ಕೆಲಸ. ಕಂಪ್ಯೂಟರಿನ ಕೆಲಸ ಸಲೀಮ ಎಂಬ ಎಂಜಿನಿಯರರದು.

ಸರ್ ನೋಡುವುದಕ್ಕೆ ವಿಜ್ಞಾನಿಯ ಹಾಗೆ ಇರಲಿಲ್ಲ. ಎತ್ತರದ ಆಳು, ಸದಾ ತುಸು ಬಾಗಿದ ಬೆನ್ನು, ಕೊರಳಲ್ಲೊಂದು ಟವೆಲ್ಲು. ಬಂದವರನ್ನು ಮೊದಲು ಕೇಳುತ್ತಿದ್ದ ಪ್ರಶ್ನೆ “ಊಟ ಆತೇನ್ರಿ?” ಎಂಬುದು. ಆಗಿಲ್ಲವೆಂದರೆ ತಮ್ಮ ಡಬ್ಬಿಯ ರೊಟ್ಟಿ, ಶೇಂಗಾ ಹಿಂಡಿ ಮುಂದಿಡುವರು. “ಖಾಲಿ ಹೊಟ್ಯಾಗ ಅಂಜಿಕಿ ಭಾಳ ಆಕ್ಕೈತಿ” ಎಂಬುದು ಅವರ ಸಿದ್ಧಾಂತ. ಇನ್ನೊಂದು ಕಟ್ಟುನಿಟ್ಟಿತ್ತು. ಲ್ಯಾಬಿನಲ್ಲಿ ಯಾರೂ ಯಾರಿಗೂ “ಅಂಜಬ್ಯಾಡ್ರಿ” ಅನ್ನಕೂಡದು. ಒಮ್ಮೆ ನಾನೇ ಬಾಯಿತಪ್ಪಿ ಅಂದಾಗ ಹೊರಗೆ ಕರೆದು ಹೇಳಿದರು: “ಮೇಡಂ, ಅವರು ಅಂಜಾಕಂತನ ಬಂದಾರ. ಅಂಜಬ್ಯಾಡ್ರಿ ಅಂದ್ರ ಅವರು ನಮ್ಮ ಮುಂದ ಮುಚ್ಚಿಡತಾರ. ಅಂಜ್ರಿ, ನಾವ್ ಬಾಜೂಕ ಅದೇವಿ ಅನ್ರಿ.”

ಅವರು ಮುಧೋಳದವರು. ಬೇಟೆನಾಯಿಗೆ ಹೆಸರಾದ ಊರಿನಲ್ಲಿ ಹುಟ್ಟಿ ನಾಯಿ ಕಂಡರೆ ರಸ್ತೆ ದಾಟುತ್ತಿದ್ದರು. ಲ್ಯಾಬು ಶುರುವಾದಾಗ ಮೊದಲು ಹೆಡ್‌ಸೆಟ್ ಕಟ್ಟಿಕೊಂಡವರೂ ಅವರೇ. “ನಾ ಉಂಡು ನೋಡಲಾರದ್ದು ಮಂದಿಗೆ ಬಡಸೂದಿಲ್ಲ” ಎಂದು ಹಟ ಹಿಡಿದು, ಸಲೀಮರಿಂದ ಒಂದು ನಾಯಿಯನ್ನು ಮಾಡಿಸಿಕೊಂಡರು. ಸಪೂರ ಸೊಂಟದ, ಉದ್ದ ಮೂತಿಯ, ನಮ್ಮ ಕಡೆಯದೇ ನಾಯಿ. ಅದು ಬೊಗಳಿತು, ಓಡಿತು, ಹಲ್ಲು ಕಿರಿಯಿತು. ಸರ್ ಕುರ್ಚಿಯಲ್ಲಿ ನಗುತ್ತ ಕುಳಿತಿದ್ದರು. ಕೆಲವು ದಿನ ಹೀಗೇ ನಡೆಯಿತು. ಆಮೇಲೊಂದು ದಿನ ನಾಯಿ ಬೊಗಳುವುದನ್ನು ನಿಲ್ಲಿಸಿತು. ಸುಮ್ಮನೆ ಎದುರು ನಿಂತು ಅವರನ್ನೇ ನೋಡತೊಡಗಿತು. ನಾವು ಪರದೆಯ ಮೇಲೆ ನೋಡುತ್ತಿದ್ದೆವು. ನಾಯಿ ಕದಲಲಿಲ್ಲ. ಸರ್ ಕೂಗಲೂ ಇಲ್ಲ, ಹೆಡ್‌ಸೆಟ್ ಕಿತ್ತು ನೆಲಕ್ಕಿಟ್ಟು ಗೋಡೆಗೆ ಒರಗಿಬಿಟ್ಟರು. 

“ಸಲೀಮ, ಸುಮ್ಮ ನಿಲ್ಲೂದು ನೀ ಹಾಕಿದ್ದೇನಪಾ?”

“ಇಲ್ರಿ ಸರ. ಅದು ತಾನ ಕಲತೈತಿ.”

ಸರ್ ಟವೆಲ್ಲಿನಿಂದ ಕತ್ತು ಒರೆಸಿಕೊಂಡರು. “ಸಣ್ಣಾಂವ ಇದ್ದಾಗ ನನ್ನ ಕಚ್ಚಿದ ನಾಯಿ ಬೊಗಳಿರಲಿಲ್ಲ. ಹಂಗ ನೋಡಕೋತ ನಿಂತಿತ್ತು. ನಾನು ಅದನ್ನ ಮರತೇಬಿಟ್ಟಿದ್ದೆ. ಯಾರ ಮುಂದೂ ಹೇಳಿಲ್ಲ. ಇದಕ್ಕ ಹೆಂಗ ಗೊತ್ತಾತು?” ಎಂದರು. ಉತ್ತರ ಸರಳವಾಗಿಯೇ ಇತ್ತು: ನಾಯಿ ಕ್ಷಣ ಹೊತ್ತು ನಿಂತಾಗಲೆಲ್ಲ ಅವರ ನಾಡಿ ಎಗರಿತ್ತು, ಕಂಪ್ಯೂಟರು ಅದನ್ನು ಹಿಡಿದುಕೊಂಡಿತ್ತು. ಆದರೂ ಅಂದಿನಿಂದ ಆ ಕೋಣೆಗೆ ಒಬ್ಬಳೇ ಹೋಗಲು ನನ್ನ ಕಾಲು ಹಿಂಜರಿಯುತ್ತಿತ್ತು. ಪಕ್ಕದ ಮಗ್ಗಗಳು ಊಟದ ಹೊತ್ತಿಗೆ ನಿಂತು ಗೋದಾಮು ನಿಶ್ಶಬ್ದವಾದಾಗ, ಮೇಜಿನ ಮೇಲಿನ ಆ ಯಂತ್ರ ನಮ್ಮನ್ನು ಓದುತ್ತಿದೆ ಅನ್ನಿಸುತ್ತಿತ್ತು.

ಮಾಳವ್ವ ಬಂದದ್ದು ಇದರ ನಂತರ. ಗಲಗಲಿಯ ಕಡೆಯ ಕುರುಬರ ಹೆಣ್ಣುಮಗಳು, ನಲವತ್ತರ ಆಸುಪಾಸು. ಕೆಲವು ವರ್ಷಗಳ ಹಿಂದೆ ಹಿನ್ನೀರು ದಾಟುವಾಗ ದೋಣಿಯಲ್ಲಿದ್ದ ಕುರಿಗಳು ಬೆದರಿ ಒಂದೇ ಕಡೆ ನುಗ್ಗಿದ್ದವು. ದೋಣಿ ಮಗುಚಿತು. ಮಾಳವ್ವ ಬದುಕಿದಳು. ಅವಳ ಕೈ ಹಿಡಿದಿದ್ದ ತಂಗಿ ಹೊನ್ನವ್ವ ಬದುಕಲಿಲ್ಲ. ಅಂದಿನಿಂದ ಮಾಳವ್ವ ತಲೆಯ ಮೇಲೆ ನೀರು ಹೊಯ್ದುಕೊಳ್ಳುತ್ತಿರಲಿಲ್ಲ, ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಳ್ಳುತ್ತಿದ್ದಳು. ಮಗಳನ್ನು ಹೊಳೆಯಾಚೆಯ ಹಳ್ಳಿಗೆ ಕೊಟ್ಟಿದ್ದರು. ಮಗಳು ಈಗ ಬಸುರಿ. ಎರಡು ಸಲ ಬಸಿರು ನಿಂತಿರಲಿಲ್ಲವಾದ್ದರಿಂದ ಈ ಸಲ ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದ್ದರು. ಅವಳು ತವರಿಗೆ ಬರುವಂತಿಲ್ಲ, ತಾಯಿಯೇ ಹೋಗಬೇಕು. ಸುತ್ತು ಹಾಕಿ ಸೇತುವೆಯ ಮೇಲೆ ಹೋಗುವ ಬಸ್ಸು ಹತ್ತಿದ್ದಳಂತೆ. ಕಿಟಕಿಯಲ್ಲಿ ನೀರು ಕಂಡದ್ದೇ ಚೀರಿ ಬಸ್ಸು ನಿಲ್ಲಿಸಿ ಇಳಿದುಬಿಟ್ಟಿದ್ದಳು.

ಹೆಡ್‌ಸೆಟ್ ನೋಡಿ ಮಾಳವ್ವ, “ಇದೇನ್ರೀ ಅಕ್ಕಾರ, ಗಾಣದೆತ್ತಿಗಿ ಕಟ್ಟೂ ಕಣ್ಣಪಟ್ಟಿ ಇದ್ದಂಗೈತಿ!” ಎಂದಳು. ಸರ್ ಬಿದ್ದು ಬಿದ್ದು ನಕ್ಕರು.

ಮೊದಲ ದಿನಗಳು ಒಳ್ಳೆಯದಾಗಿಯೇ ಸಾಗಿದವು. ದೂರದಲ್ಲಿ ಹೊಳೆ, ಆಮೇಲೆ ದಂಡೆ, ಆಮೇಲೆ ಪಾದ ಮುಟ್ಟುವ ನೀರು. ಮನೆಯಲ್ಲಿ ಒಂದು ಚೊಂಬು ನೀರನ್ನು ಹೆಗಲ ಮೇಲೆ ಹೊಯ್ದುಕೊಂಡೆನೆಂದು ಹೇಳಿ ಅತ್ತಳು.

ಅಂಥದ್ದೊಂದು ಮಧ್ಯಾಹ್ನ ಅವಳು ಕುರ್ಚಿಯಲ್ಲಿ ಕುಳಿತಿದ್ದಳು. ನಾನು ಪಕ್ಕದಲ್ಲಿದ್ದೆ. ಪರದೆಯ ಮೇಲೆ ನೀರು ಮೊಣಕಾಲಿಗೆ ಬಂದಿತ್ತು. ಮಾಳವ್ವ ಅಲುಗಾಡದೆ ಕುಳಿತಿದ್ದಳು. ನಾಡಿ ಇಳಿಯುತ್ತ ಬಂತು. ಸಲೀಮ ಖುಷಿಯಿಂದ ನನ್ನ ಕಡೆ ನೋಡಿದರು. ಇವಳು ಶಾಂತಳಾಗಿದ್ದಾಳೆ ಎಂದು ತಿಳಿದ ಕಂಪ್ಯೂಟರು ನೀರನ್ನು ಸೊಂಟಕ್ಕೇರಿಸಿತು. ನಾಡಿ ಇನ್ನೂ ಇಳಿಯಿತು. ನೀರು ಎದೆಗೆ ಬಂತು. ಬಾಗಿಲಲ್ಲಿ ನಿಂತಿದ್ದ ಸರ್ ಪರದೆಯ ಕಡೆ ನೋಡುತ್ತಿರಲಿಲ್ಲ, ಮಾಳವ್ವನ ಕೊರಳನ್ನು ನೋಡುತ್ತಿದ್ದರು. ಒಮ್ಮೆಗೇ “ಬಂದ್ ಮಾಡ್ರಿ!” ಎಂದು ಕೂಗಿ ಓಡಿಬಂದು ಹೆಡ್‌ಸೆಟ್ ಕಿತ್ತೆಳೆದರು.

ಮಾಳವ್ವನ ಕಣ್ಣುಗಳು ತೆರೆದಿದ್ದವು. ತುಟಿ ನೀಲಿಗಟ್ಟಿತ್ತು. ಅವಳು ಉಸಿರಾಡುತ್ತಿರಲಿಲ್ಲ.

“ಮಾಳವ್ವಾ, ಉಸಿರು ಬಿಡು! ಇಲ್ಲಿ ನೀರಿಲ್ಲ, ನೋಡು, ಉಸಿರು ಬಿಡವ್ವಾ!” ಸರ್ ಅವಳ ಬೆನ್ನು ತಟ್ಟಿದರು, ಕೆನ್ನೆ ತಟ್ಟಿದರು. ಅವಳ ಬಲಗೈ ಕುರ್ಚಿಯ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ನಾವು ಒಂದೊಂದೇ ಬೆರಳು ಬಿಡಿಸಬೇಕಾಯಿತು. ಕೊನೆಯ ಬೆರಳು ಬಿಟ್ಟಾಗ ಉಸಿರು ಬಂತು. ಅದರ ಹಿಂದೆಯೇ, ಇವತ್ತಿಗೂ ನನ್ನ ಕಿವಿಯಲ್ಲಿರುವ ಒಂದು ಕೂಗು ಬಂತು.

ಸುಧಾರಿಸಿಕೊಂಡ ಮೇಲೆ ಅವಳು ಹೇಳಿದ್ದಿಷ್ಟು: “ಹೊನ್ನಿ ಕೈ ಸಿಕ್ಕಿತ್ರಿ ಅಕ್ಕಾರ. ಈ ಸಲ ಸಿಕ್ಕಿತ್ತು. ಉಸಿರ ಬಿಟ್ರ ಕೈ ಜಾರತೈತಿ ಅಂತ ಹಿಡದ ಕುಂತಿದ್ನಿ. ಯಾಕ ಬಿಡಿಸಿದ್ರಿ?”

ನಾವು ಕಟ್ಟಿದ ಆ ನೀರಿನಲ್ಲಿ ಹೊನ್ನವ್ವ ಇರಲಿಲ್ಲ. ಯಾರ ಕೈಯೂ ಇರಲಿಲ್ಲ. ಉಸಿರು ಬಿಗಿಹಿಡಿದಾಗ ಕೆಲವರ ನಾಡಿ ನಿಧಾನವಾಗುತ್ತದೆ, ಯಂತ್ರ ಅದನ್ನೇ ನೆಮ್ಮದಿ ಎಂದು ತಿಳಿದಿತ್ತು. ಸರ್ ನೆಲದ ಮೇಲೆ ಅವಳ ಕಾಲ ಹತ್ತಿರ ಕುಳಿತು ಎರಡೂ ಕೈ ಜೋಡಿಸಿ, “ತಪ್ಪಾತವ್ವಾ” ಎಂದರು. ಮಾಳವ್ವ ಗಾಬರಿಯಾಗಿ ಕಾಲು ಹಿಂದಕ್ಕೆಳೆದುಕೊಂಡಳು.

ಮರುದಿನದಿಂದ ಹೆಡ್‌ಸೆಟ್ಟುಗಳನ್ನು ಕಪಾಟಿಗೆ ಹಾಕಿ ಬೀಗ ಜಡಿದರು. ವಿಶ್ವವಿದ್ಯಾಲಯದ ಮುಖ್ಯ ಕಚೇರಿಗೆ ನಡೆದದ್ದನ್ನು ನಡೆದ ಹಾಗೆಯೇ ಬರೆದು ಕಳಿಸಿದರು: ಮುಳುಗುತ್ತಿರುವ ಹೆಂಗಸನ್ನು ನಮ್ಮ ಯಂತ್ರ ಶಾಂತಳೆಂದು ತಿಳಿಯಿತು, ಕೆಲಸ ನಿಲ್ಲಿಸಿದ್ದೇನೆ, ಎಂದು. ಕಚೇರಿಯವರು ಬೈಯುತ್ತಾರೆ, ಹೆಚ್ಚೆಂದರೆ ಲ್ಯಾಬು ಮುಚ್ಚುತ್ತಾರೆ ಅಂದುಕೊಂಡಿದ್ದೆವು. ಆದದ್ದೇ ಬೇರೆ.

ಒಂದು ಬೆಳಿಗ್ಗೆ ಖಾಸಗಿ ಸಂಸ್ಥೆಯೊಂದರ ಇಬ್ಬರು ಬಂದರು. ಬಹಳ ಸಭ್ಯರು. ಚಹಾ ಕುಡಿದು, ಮಗ್ಗದ ಸದ್ದನ್ನು ಮೆಚ್ಚಿಕೊಂಡು, ಅವರಲ್ಲಿ ಹಿರಿಯವರು ಮಾತು ತೆಗೆದರು.

“ನಿಮ್ಮ ವರದಿ ಓದಿದೆವು ಸರ್. ತುಂಬಾ ಪ್ರಾಮಾಣಿಕವಾಗಿದೆ. ಒಂದು ಪ್ರಶ್ನೆ. ಇದೇ ವ್ಯವಸ್ಥೆಯನ್ನು ತಿರುಗುಮುರುಗಾಗಿ ನಡೆಸಬಹುದೇ?”

“ಅಂದ್ರ?”

“ಭಯ ಎಲ್ಲಿದೆ ಎಂದು ಇದಕ್ಕೆ ಗೊತ್ತಾಗುತ್ತದಲ್ಲ. ತಗ್ಗಿಸುವ ಬದಲು ಏರಿಸುವುದು. ಮೈ ಮುಟ್ಟದೆಯೇ.”

ಸರ್ ಟವೆಲ್ಲನ್ನು ಕೈಗೆ ಸುತ್ತಿಕೊಳ್ಳುತ್ತಿದ್ದರು. “ಯಾರನ್ನ ಅಂಜಸಾವ್ರು ನೀವು?”

“ತರಬೇತಿಗೆ ಸರ್. ಭದ್ರತಾ ಕೆಲಸದವರ ತರಬೇತಿಗೆ.” ಆ ಹಿರಿಯರು ನಕ್ಕರು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನನಗೆ ಹೆಚ್ಚು ದಿಗಿಲಾದದ್ದು ಅದಕ್ಕೇ.

ಅವರು ಹೋದ ಬೆನ್ನಿಗೆ ಮುಖ್ಯ ಕಚೇರಿಯಿಂದ ಫೋನು ಬಂತು. ಎಲ್ಲವನ್ನೂ ಜೋಪಾನವಾಗಿಡಿ, ಸೋಮವಾರ ಆ ಸಂಸ್ಥೆಯವರು ಬಂದು ತೆಗೆದುಕೊಂಡು ಹೋಗುತ್ತಾರೆ, ಎಂದರು. ಎಲ್ಲವೂ ಅಂದರೆ ನಮ್ಮಲ್ಲಿ ಬಂದುಹೋದವರೆಲ್ಲರ ಭಯವನ್ನು ಆ ಕಂಪ್ಯೂಟರು ಕಲಿತು ಇಟ್ಟುಕೊಂಡದ್ದು.

ಸರ್ ಅಂದು ಊಟ ಮಾಡಲಿಲ್ಲ. ಹೊರಗೆ ಹೋಗಿ ಒಂದು ಮಗ್ಗದ ಮುಂದೆ ನಿಂತು ಲಾಳಿ ಓಡುವುದನ್ನು ನೋಡುತ್ತಿದ್ದರು. ಒಳಗೆ ಬಂದು, “ಸಲೀಮ, ಅಳಿಸಿಬಿಡೂಣು” ಎಂದರು.

ಸಲೀಮ ಕುರ್ಚಿಯಿಂದ ಎದ್ದರು. “ಸರ, ಮೂರು ವರ್ಷದ ದುಡಿಮಿ ರೀ ಅದು. ನಿಮ್ಮ ನೌಕರಿ ಹೋಗತೈತಿ. ಕೇಸ್ ಹಾಕ್ತಾರ.”

“ಹಾಕ್ಲಿ. ಮಾಳವ್ವನ ಅಂಜಿಕಿ ಅದರಾಗೈತಿ. ಅದೇನ ನನ್ನದ ಮಾಲು, ಕೊಡಾಕ?”

ಸಲೀಮ ಕೈ ಕಟ್ಟಿಕೊಂಡು ನಿಂತುಬಿಟ್ಟರು. ಸರ್ ಅವರ ಹೆಗಲ ಮೇಲೆ ಕೈಯಿಟ್ಟು, “ನಿನಗ ಸಣ್ಣ ಮಕ್ಕಳದಾವು. ನೀ ಮುಟ್ಟಬ್ಯಾಡ. ಹೆಂಗ ಅಂತ ಹೇಳು ಸಾಕು. ಮೇಡಂ, ನೀವಿಬ್ಬರೂ ಹೊರಗ ಹೋಗಿ ಚಾ ಕುಡೀರಿ” ಎಂದು ಕಳಿಸಿದರು. ಸಲೀಮ ಅಳಿಸುವ ಕ್ರಮ ಹೇಳಿಕೊಟ್ಟ ಮೇಲೆ ನಾವಿಬ್ಬರೂ ಎದುರಿನ ಹೋಟೆಲಿನಲ್ಲಿ ಕುಳಿತೆವು.  ನಾವು ಮರಳಿದಾಗ ಸರ್ ಖಾಲಿ ಪರದೆಯ ಮುಂದೆ ಬೆವತು ಕುಳಿತಿದ್ದರು. 

ತಿಂಗಳೊಳಗೆ ವಿಚಾರಣೆ ನಡೆದು ಮುಗಿಯಿತು. ನಾನೊಬ್ಬನೇ ಮಾಡಿದ್ದು ಎಂಬುದನ್ನು ಬಿಟ್ಟು ಅವರು ಬೇರೆ ಮಾತಾಡಲಿಲ್ಲ. ಲ್ಯಾಬು ಮುಚ್ಚಿತು. ಅವಧಿಗೆ ಮುಂಚೆಯೇ ನಿವೃತ್ತಿ ಕೊಡಿಸಿ ಮನೆಗೆ ಕಳಿಸಿದರು. ಸಲೀಮ ಬೇರೆ ಊರಿನಲ್ಲಿ ಕೆಲಸ ಹಿಡಿದರು.

ಅಲ್ಲಿಗೇ ಮುಗಿಯಲಿಲ್ಲ. ಸರ್ ಇನ್ನೊಂದು ಪ್ರತಿ ಇಟ್ಟುಕೊಂಡಿದ್ದಾರೆಂದು ಯಾರೋ ನಂಬಿದ್ದರು. ಮುಧೋಳದ ಅವರ ಮನೆಯ ಓಣಿಯ ತುದಿಯಲ್ಲಿ ಬಿಳಿ ಕಾರೊಂದು ಬಂದು ನಿಲ್ಲತೊಡಗಿತು. ಯಾರೂ ಇಳಿಯುತ್ತಿರಲಿಲ್ಲ, ಯಾರೂ ಏನೂ ಕೇಳುತ್ತಿರಲಿಲ್ಲ. ಅವರ ಮನೆಗೆ ಹೋದಾಗ ನಾನೂ ಒಮ್ಮೆ ಕಂಡೆ. ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಸಾಗುತ್ತಿದ್ದವು, ಅವುಗಳ ಧೂಳಿನಾಚೆ ಆ ಕಾರು. ಸರ್ ಕಿಟಕಿಯ ಪರದೆ ಸರಿಸಿ ತೋರಿಸಿದರು. “ಬೊಗಳೂದಿಲ್ಲ, ನೋಡ್ರಿ” ಎಂದರು.  ಒಂದು ದಿನ ಕಾರು ಬರುವುದು ನಿಂತಿತು. ಯಾಕೆ ಬಂತು, ಯಾಕೆ ನಿಂತಿತು, ನಮಗೆ ಗೊತ್ತಾಗಲೇ ಇಲ್ಲ. ಅವರ ಹೆಂಡತಿ ಮಾತ್ರ ಇವತ್ತಿಗೂ ಬಾಗಿಲು ತೆಗೆಯುವ ಮುಂಚೆ ಕಿಟಕಿಯಲ್ಲಿ ನೋಡುತ್ತಾರೆ.

ಇಷ್ಟರ ನಡುವೆಯೂ ಅವರು ಮಾಳವ್ವನನ್ನು ಬಿಟ್ಟಿರಲಿಲ್ಲ. ಕೆಲಸ ಹೋದ ವಾರವೇ ನನಗೆ ಫೋನು ಮಾಡಿ, “ಆಕಿನ್ನ ನೀರಾಗ ಇಳಿಸಿ ಅರ್ಧಕ್ಕ ಬಿಟ್ಟೇವ್ರಿ. ದಂಡಿಗೆ ಹಚ್ಚಬೇಕಲ್ಲ” ಎಂದರು. ಇಬ್ಬರೂ ಮುಧೋಳದಲ್ಲಿ ಸೇರಿ ಗಲಗಲಿಯ ಕಡೆ ಹೋಗುತ್ತಿದ್ದೆವು. ಮಾಳವ್ವನ ಹಟ್ಟಿಗೆ ಹೋಗಬೇಕಾದರೆ ಕುರಿಹಿಂಡಿನ ನಾಯಿಗಳನ್ನು ದಾಟಬೇಕು. ಸರ್ ದೂರದಲ್ಲೇ ನಿಂತು ಅವಳ ಹೆಸರು ಹಿಡಿದು ಕೂಗುತ್ತಿದ್ದರು. ಮಾಳವ್ವ ಬಂದು ನಾಯಿಗಳ ಕೊರಳ ಪಟ್ಟಿ ಹಿಡಿದು, “ಬರ್ರಿ ಸರ, ಹಿಡದೇನಿ. ಅಯ್ಯ, ನನಗ ಹೊಳಿ, ನಿಮಗ ನಾಯಿ, ಛಲೋ ಜೋಡಿ ಸಿಕ್ಕೇವ್ ಬಿಡ್ರಿ!” ಎನ್ನುವಳು.

ಈಗ ಯಂತ್ರವಿರಲಿಲ್ಲ. ಮೂವರೂ ಹಿನ್ನೀರಿನ ಅಂಚಿಗೆ ಹೋಗಿ ಕೂರುತ್ತಿದ್ದೆವು, ಅಷ್ಟೆ. ಮುಳುಗಿದ ಬೇವಿನ ಮರಗಳ ಒಣ ತಲೆಗಳು ನೀರಿನಿಂದ ಹೊರಗೆ ಚಾಚಿರುತ್ತಿದ್ದವು. ಮಾಳವ್ವ ಹೊನ್ನವ್ವನ ಬಗ್ಗೆ ಮಾತಾಡುವಳು: ಅವಳು ಕುರಿ ಕರೆಯುತ್ತಿದ್ದ ರೀತಿ, ಬೀರಪ್ಪನ ಡೊಳ್ಳು ಕೇಳಿದರೆ ಒಲೆಯ ಮೇಲಿನದನ್ನು ಬಿಟ್ಟು ಓಡುತ್ತಿದ್ದದ್ದು. ಸರ್ ಕೇಳುತ್ತ ಅವಳ ಕೊರಳನ್ನೇ ಗಮನಿಸುವರು. ಉಸಿರು ನಿಂತರೆ, “ಮಾಳವ್ವಾ” ಎನ್ನುವರು. ಅವಳು ಉಸಿರು ಬಿಡುವಳು. ದಿನ ಕಳೆದಂತೆ ಪಾದ ನೀರಿಗಿಳಿಯಿತು, ಆಮೇಲೆ ಮೊಣಕಾಲು. ಕೆಲವು ದಿನ ಏನೂ ಆಗುತ್ತಿರಲಿಲ್ಲ. ಅವಳು ಅತ್ತು ಎದ್ದು ಹೋಗುವಳು, ನಾವು ಬಸ್ಸು ಹಿಡಿಯುವೆವು.

ಮಗಳಿಗೆ ದಿನ ತುಂಬುವ ಮುಂಚೆಯೇ ನೋವು ಶುರುವಾಯಿತೆಂದು ಸುದ್ದಿ ಬಂದಾಗ ನಾವಿಬ್ಬರೂ ಅಲ್ಲೇ ಇದ್ದೆವು. ಬಸ್ಸಿಗೆ ಕಾಯುವಷ್ಟು ಹೊತ್ತಿರಲಿಲ್ಲ. ಮಾಳವ್ವ ಯಾರನ್ನೂ ಕೇಳದೆ ದೋಣಿಯ ಕಡೆ ನಡೆದಳು. ಅಂಚಿಗೆ ಬಂದು ನಿಂತಳು. ಮುಂದೆ ಹೆಜ್ಜೆ ಇಡಲಿಲ್ಲ. ಸರ್ ಮೊದಲು ಹತ್ತಿ ಕುಳಿತು ಕೈ ಚಾಚಿದರು. “ನಾನೂ ಅಂಜೇನವ್ವ, ನನಗ ಈಜು ಬರೂದಿಲ್ಲ. ಬಾ” ಎಂದರು.

ನಡುಹೊಳೆಯಲ್ಲಿ ಗಾಳಿ ಎದ್ದಿತು. ದೋಣಿ ಒಮ್ಮೆ ಒಂದು ಕಡೆ ವಾಲಿತು. ಮಾಳವ್ವ ಉಸಿರು ಕಟ್ಟಿದಳು. ಸರ್ ಅವಳ ಹೆಸರು ಕೂಗಿದರೂ ಕೇಳಲಿಲ್ಲ. ಕುತ್ತಿಗೆಯ ನರ ಉಬ್ಬಿತು, ತುಟಿ ಬಿಗಿಯಿತು. ಆಮೇಲೆ ಇದ್ದಕ್ಕಿದ್ದಂತೆ ಬಾಯಿ ತೆರೆದು ಹೊಳೆಯನ್ನೇ ಬೈಯತೊಡಗಿದಳು. “ನಮ್ಮ ಹುಡುಗೀನ ನುಂಗಿದಿ, ಹೊಟ್ಟಿ ತುಂಬಲಿಲ್ಲೇನ ನಿನಗ? ನನ್ನ ಮಗಳು ಕರ್ಯಾಕತ್ತಾಳ. ಸರಿ ಅತ್ತಾಗ!” ಆಚೆ ದಂಡೆ ಬರುವವರೆಗೂ ಬೈದಳು. ಬೈಯಲು ಉಸಿರು ಬೇಕಲ್ಲ, ಬಂತು. ದೋಣಿ ಮರಳಿಗೆ ತಾಗಿದ ಕೂಡಲೇ ಹಾರಿ, ಸೀರೆ ಎತ್ತಿ ಕಟ್ಟಿ ಓಡಿದಳು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಸರ್ ದೋಣಿಯ ಅಂಚಿಗೆ ಬಾಗಿ ವಾಂತಿ ಮಾಡಿಕೊಳ್ಳುತ್ತಿದ್ದರು.

ಹೆಣ್ಣು ಮಗು ಹುಟ್ಟಿತು. ಉಳಿಯಿತು.

 ಮರಳಿ ಬರುವಾಗ ಸರ್ ಸಂತೋಷದ ಮಾತು ಆಡುತ್ತಾರೆಂದು ನಾನು ಕಾಯುತ್ತಿದ್ದೆ. ಅವರು ಅಂದದ್ದು ಬೇರೆ: “ಮೇಡಂ, ನಾ ಅಳಿಸಿದ್ದು ನನ್ನ ಹಂತೇಕ ಇದ್ದದ್ದಷ್ಟ. ಹಿಂಗ ಮಾಡಾಕ ಬರತೈತಿ ಅನ್ನೂದು ಅವರಿಗೆ ತಿಳದಬಿಟ್ಟೈತಿ. ಅದನ್ನ ಹೆಂಗ ಅಳಸೂದು?”  ಈಗಲೂ ಹೊಸ ಯಂತ್ರವೊಂದು ಮನುಷ್ಯರ ಮುಖ ನೋಡಿ ಮನಸ್ಸು ತಿಳಿಯುತ್ತದಂತೆ ಎಂದು ಯಾರಾದರೂ ಹೊಗಳಿದಾಗ, ಆ ಸಭ್ಯ ಮನುಷ್ಯರ ನಗು ನೆನಪಾಗುತ್ತದೆ.

ಕೆಲವು ವರ್ಷಗಳ ಮೇಲೆ, ಮಧ್ಯಾಹ್ನ ಊಟ ಮಾಡಿ ಮಲಗಿದ್ದ ಸರ್ ಮತ್ತೆ ಏಳಲಿಲ್ಲ. ಸುದ್ದಿ ತಿಳಿದು ನಾನು ಮುಧೋಳಕ್ಕೆ ಹೋದಾಗ ಅವರ ಮನೆಯಲ್ಲಿ ಹೆಚ್ಚು ಜನರಿರಲಿಲ್ಲ. ವಿಶ್ವವಿದ್ಯಾಲಯದಿಂದ ಯಾರೂ ಬಂದಿರಲಿಲ್ಲ. ಅವರ ಹೆಂಡತಿಯ ಪಕ್ಕ ಕಂಬಳಿ ಹೊದ್ದ ಹೆಂಗಸೊಬ್ಬಳು ಕುಳಿತಿದ್ದಳು. ಸೀರೆಯ ಅಂಚು ಇನ್ನೂ ಒದ್ದೆಯಿತ್ತು. ಮಾಳವ್ವ. ಅವಳೀಗ ಮೊಮ್ಮಗಳನ್ನು ನೋಡಿಕೊಳ್ಳುತ್ತ ಹೊಳೆಯಾಚೆಯೇ ಇರುತ್ತಿದ್ದಳು.

“ಯಾರ ಜೋಡಿ ಬಂದಿ ಮಾಳವ್ವಾ?” ಎಂದು ಕೇಳಿದೆ.

“ಯಾರೂ ಇಲ್ರೀ ಅಕ್ಕಾರ.”

“ದೋಣಿಯಾಗ? ಒಬ್ಬಾಕೀನ? ಅಂಜಿಕಿ ಆಗಲಿಲ್ಲಾ?”

ಅವಳು ಮೂಗು ಒರೆಸಿಕೊಂಡು, ಸರ್ ಮಲಗಿದ್ದ ಕಡೆ ನೋಡಿದಳು.

“ಅಂಜಿಕೀನೂ ಬಂತ್ರಿ. ನಾನೂ ಬಂದ್ನಿ.”